ಬಿಡಿಸಿಕೊಂಡು ಬರೋದು ಅಂದ್ರೆ ಏನು? – ಡೀರ್‌ಫೀಲ್ಡ್ ದಾಳಿ ಮತ್ತು ವಾಪಸ್ ಬರದ ಹುಡುಗಿ



ಹೋದ ಸೆಮಿಸ್ಟರ್‌ನಲ್ಲಿ ನಮಗೆ ಇತಿಹಾಸದ ಒಂದು ಎಲೆಕ್ಟಿವ್ ಇತ್ತು. ಕ್ರೆಡಿಟ್ ಸುಲಭವಾಗಿ ಸಿಗುತ್ತೆ ಅಂತ ತಗೊಂಡೆ, ಸುಳ್ಳು ಹೇಳಲ್ಲ. ಚೀಟಿ ಎತ್ತಿದಾಗ ನನಗೆ ಬಂದ ವಿಷಯ: ಅಮೆರಿಕದ ವಸಾಹತು ಗಡಿಯ ದಾಳಿಗಳು ಮತ್ತು ಸೆರೆ ಸಿಕ್ಕ ವಲಸಿಗರ ಗತಿ. ಹತ್ತು ಸ್ಲೈಡ್ ಮಾಡಿ, ಎಂಟು ನಿಮಿಷ ಮಾತಾಡಿ, ಮಾರ್ಕ್ಸ್ ತಗೊಂಡು ಮುಗಿಸಿದೆ. ಆದರೆ ಅದರಲ್ಲಿ ಬಂದ ಒಬ್ಬ ಏಳು ವರ್ಷದ ಹುಡುಗಿ ಮಾತ್ರ ತಲೆಯಿಂದ ಹೋಗಲಿಲ್ಲ. ಎಂಟು ನಿಮಿಷದಲ್ಲಿ ಹೇಳೋಕೆ ಆಗದೇ ಇದ್ದದ್ದನ್ನ ಇಲ್ಲಿ ಬರೀತಿದ್ದೇನೆ.

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಒತ್ತಕ್ಷರದಲ್ಲಿ ತಪ್ಪಿದ್ದರೆ ಕ್ಷಮಿಸಿ, ಕ್ಲಬ್‌ನ ಸೀನಿಯರ್‌ಗಳು ಆದಷ್ಟು ತಿದ್ದಿದ್ದಾರೆ. ಇನ್ನೊಂದು ಮಾತು. ನಮ್ಮ ಹಳೇ ಪಠ್ಯಗಳಲ್ಲಿ 'ರೆಡ್ ಇಂಡಿಯನ್' ಅನ್ನೋ ಪದ ಇತ್ತು. ಈಗ ಅದನ್ನ ಬಳಸಲ್ಲ. ಇಲ್ಲಿ ಮೂಲನಿವಾಸಿಗಳು ಅಂತ ಬರೆದಿದ್ದೇನೆ, ಗೊತ್ತಿರುವ ಕಡೆ ಜನಾಂಗದ ಹೆಸರನ್ನೇ ಹೇಳಿದ್ದೇನೆ.

1. ಮೊದಲು ಸ್ವಲ್ಪ ಹಿನ್ನೆಲೆ

1700ರ ಆಸುಪಾಸಿನಲ್ಲಿ ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಎರಡು ಯುರೋಪಿಯನ್ ಶಕ್ತಿಗಳಿದ್ದವು. ಕರಾವಳಿ ಉದ್ದಕ್ಕೂ ಇಂಗ್ಲಿಷ್ ವಸಾಹತುಗಳು, ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ. ಉತ್ತರದಲ್ಲಿ, ಈಗಿನ ಕೆನಡಾದಲ್ಲಿ, ಫ್ರೆಂಚರ ನ್ಯೂ ಫ್ರಾನ್ಸ್. ಅಲ್ಲಿದ್ದವರು 15ರಿಂದ 20 ಸಾವಿರ ಅಷ್ಟೇ. ಲೆಕ್ಕ ನೋಡಿದರೆ ಇದು ಪೈಪೋಟಿನೇ ಅಲ್ಲ. ಫ್ರೆಂಚರು ಉಳಿದುಕೊಂಡದ್ದಕ್ಕೆ ಮುಖ್ಯ ಕಾರಣ, ಅಬೆನಾಕಿ, ವೆಂಡಾಟ್ ಮುಂತಾದ ಮೂಲನಿವಾಸಿ ಜನಾಂಗಗಳ ಜೊತೆ ಅವರಿಗಿದ್ದ ಮೈತ್ರಿ. ಮಾಂಟ್ರಿಯಲ್ ಪಕ್ಕದ ಕಾನಾವಾಕೆ ಅನ್ನೋ ಊರಿನಲ್ಲಿ ಕ್ಯಾಥೊಲಿಕ್ ಆಗಿದ್ದ ಮೋಹಾಕ್ ಜನ ಇದ್ದರು. ಅವರೂ ಫ್ರೆಂಚರ ಮಿತ್ರರೇ.

ಈ ಜನಾಂಗಗಳು ಫ್ರೆಂಚರ ಬಾಡಿಗೆ ಸೈನಿಕರಲ್ಲ. ಅವರಿಗೆ ಅವರದ್ದೇ ಆದ ಕಾರಣಗಳಿದ್ದವು. ಅದು ಗೊತ್ತಾಗಬೇಕಾದರೆ ಡೀರ್‌ಫೀಲ್ಡ್ ಅನ್ನೋ ಊರು ಯಾರ ನೆಲದ ಮೇಲೆ ನಿಂತಿತ್ತು ಅಂತ ಕೇಳಬೇಕು.

ಡೀರ್‌ಫೀಲ್ಡ್ ಇರೋದು ಮ್ಯಾಸಚೂಸೆಟ್ಸ್‌ನ ಪಶ್ಚಿಮಕ್ಕೆ, ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ. ಒಳ್ಳೇ ಮೆಕ್ಕಲು ಮಣ್ಣು, ಜೋಳ ಚೆನ್ನಾಗಿ ಬರುವ ಜಾಗ. ಅಲ್ಲಿ ಮೊದಲಿದ್ದವರು ಪೊಕಮ್‌ಟಕ್ ಜನ. 1670ರ ದಶಕದ ಹೊತ್ತಿಗೆ ಇಂಗ್ಲಿಷ್ ವಲಸಿಗರು ಬಂದರು. 1675ರಲ್ಲಿ ಮೆಟಾಕಮ್ ಎಂಬ ಮೂಲನಿವಾಸಿ ನಾಯಕನ (ಇಂಗ್ಲಿಷರು ಅವನನ್ನ ಕಿಂಗ್ ಫಿಲಿಪ್ ಅಂತ ಕರೆದರು) ನೇತೃತ್ವದಲ್ಲಿ ದೊಡ್ಡ ಯುದ್ಧ ಶುರುವಾಯ್ತು. 1676ರ ಮೇ 19ರ ಬೆಳಗಿನ ಜಾವ, ಡೀರ್‌ಫೀಲ್ಡ್‌ನಿಂದ ಸ್ವಲ್ಪವೇ ದೂರದ ಜಲಪಾತದ ಬಳಿ ಮೀನು ಹಿಡಿಯೋಕೆ ಬೀಡುಬಿಟ್ಟಿದ್ದ ಮೂಲನಿವಾಸಿಗಳ ಮೇಲೆ ಕ್ಯಾಪ್ಟನ್ ವಿಲಿಯಂ ಟರ್ನರ್‌ನ ಪಡೆ ಬಿತ್ತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಇವತ್ತು ಆ ಊರಿನ ಹೆಸರು ಟರ್ನರ್ಸ್ ಫಾಲ್ಸ್. ಹೌದು, ಆ ಕ್ಯಾಪ್ಟನ್ ಹೆಸರೇ.

ಉಳಿದವರಲ್ಲಿ ಬಹಳಷ್ಟು ಜನ ಉತ್ತರಕ್ಕೆ ಹೋಗಿ ಅಬೆನಾಕಿಗಳ ಜೊತೆ ಸೇರಿಕೊಂಡರು. ದಾಳಿಯ ಕಥೆಯನ್ನ 1704ರಿಂದ ಶುರು ಮಾಡಿದರೆ ಇದೆಲ್ಲ ಕಾಣಲ್ಲ. ನನ್ನ ಮೊದಲ ಡ್ರಾಫ್ಟ್ ಸ್ಲೈಡ್‌ನಲ್ಲಿ ನಾನೂ ಹಾಗೇ ಶುರು ಮಾಡಿದ್ದೆ.

2. ಆ ರಾತ್ರಿ

1704, ಫೆಬ್ರವರಿ 29. ಇದು ಇಂಗ್ಲಿಷರ ಹಳೇ ಕ್ಯಾಲೆಂಡರ್ ಪ್ರಕಾರ. ಫ್ರೆಂಚರ ಕ್ಯಾಲೆಂಡರ್‌ನಲ್ಲಿ ಅದೇ ದಿನ ಮಾರ್ಚ್ 11. ಒಂದೇ ಘಟನೆಗೆ ಎರಡು ಕಡೆಯವರ ತಾರೀಖೂ ಬೇರೆ.

ಯುರೋಪಿನಲ್ಲಿ ಆಗ ಸ್ಪೇನ್ ಸಿಂಹಾಸನಕ್ಕಾಗಿ ಯುದ್ಧ ನಡೀತಿತ್ತು, ಅದರ ಕಿಡಿ ಇಲ್ಲಿಗೂ ಹಾರಿತ್ತು. ಜಾನ್-ಬಾಪ್ಟಿಸ್ಟ್ ಹರ್ಟೆಲ್ ದ ರೂವಿಲ್ ಅನ್ನೋ ಅಧಿಕಾರಿಯ ಕೆಳಗೆ ಸುಮಾರು 50 ಫ್ರೆಂಚರು, ಅವರ ಜೊತೆ 200ಕ್ಕೂ ಹೆಚ್ಚು ಅಬೆನಾಕಿ, ಮೋಹಾಕ್, ವೆಂಡಾಟ್ ಯೋಧರು ಹಿಮದಲ್ಲಿ ನೂರಾರು ಕಿಲೋಮೀಟರ್ ನಡೆದು ಬಂದಿದ್ದರು. ಡೀರ್‌ಫೀಲ್ಡ್‌ನಲ್ಲಿ ಇದ್ದದ್ದು ಸುಮಾರು 300 ಜನ. ಊರ ನಡುಭಾಗಕ್ಕೆ ಮರದ ಕಂಬಗಳ ಎತ್ತರದ ಬೇಲಿ, ಒಳಗೆ ಇಪ್ಪತ್ತು ಸೈನಿಕರ ಕಾವಲು.

ಬೇಲಿ ಗಟ್ಟಿಯಾಗೇ ಇತ್ತು. ಆದರೆ ಗಾಳಿಗೆ ಹಿಮ ಬೇಲಿಯ ಹೊರಗಡೆ ರಾಶಿ ಬಿದ್ದು ಇಳಿಜಾರಿನ ಥರ ಆಗಿತ್ತು. ಬೆಳಕು ಹರಿಯೋ ಮೊದಲೇ ಕೆಲವರು ಆ ಹಿಮದ ಮೇಲೆ ನಡೆದು ಬೇಲಿ ದಾಟಿ ಒಳಗೆ ಜಿಗಿದು ಬಾಗಿಲು ತೆಗೆದರು. ಸಿವಿಲ್‌ನವರು ಗಮನಿಸಿ: ಡಿಸೈನ್ ಮಾಡಿದಾಗ ಹಿಮದ ಭಾರ ಲೆಕ್ಕ ಹಾಕೋದು ಒಂದು, ಹಿಮವೇ ಮೆಟ್ಟಿಲಾಗುತ್ತೆ ಅಂತ ಯೋಚಿಸೋದು ಇನ್ನೊಂದು.

ಪಾದ್ರಿ ಜಾನ್ ವಿಲಿಯಮ್ಸ್ ಹಾಸಿಗೆಯಿಂದ ಎದ್ದು ಪಿಸ್ತೂಲು ಹಿಡಿದು ಕುದುರೆ ಎಳೆದರೆ ಅದು ಹಾರಲೇ ಇಲ್ಲ. ಬಹುಶಃ ಹಾರದೇ ಇದ್ದದ್ದೇ ಅವರ ಜೀವ ಉಳಿಸ್ತು. ಅವರ ಆರು ವರ್ಷದ ಮಗ, ಆರು ವಾರದ ಕೂಸು ಅಲ್ಲೇ ಸತ್ತರು. ಜಾನ್ ಶೆಲ್ಡನ್ ಅನ್ನೋರ ಮನೆ ಬಾಗಿಲು ಬಹಳ ಗಟ್ಟಿ ಇತ್ತು, ಕೊಡಲಿಯಲ್ಲಿ ಕಡಿದು ತೂತು ಮಾಡಿ ಅದರೊಳಗಿಂದ ಗುಂಡು ಹಾರಿಸಿದರು. ಶೆಲ್ಡನ್ ಹೆಂಡತಿ ಹಾನಾ ಸತ್ತರು. ಆ ತೂತು ಬಿದ್ದ ಬಾಗಿಲು ಇವತ್ತೂ ಡೀರ್‌ಫೀಲ್ಡ್‌ನ ಮ್ಯೂಸಿಯಂನಲ್ಲಿದೆ.

ಊರಿನವರು ಮತ್ತು ಕಾವಲಿನವರು ಸೇರಿ ಸುಮಾರು 50 ಜನ ಸತ್ತರು. 112 ಜನ ಸೆರೆಯಾದರು.

ಇಲ್ಲೊಂದು ವಿಷಯ ಬಿಟ್ಟು ಮುಂದೆ ಹೋಗಬಾರದು. ಪಾದ್ರಿಯ ಮನೆಯಲ್ಲಿ ಪಾರ್ಥೀನಾ ಮತ್ತು ಫ್ರಾಂಕ್ ಅನ್ನೋ ಆಫ್ರಿಕನ್ ಮೂಲದ ದಂಪತಿ ಇದ್ದರು. ಅವರು ಆ ಮನೆಯ ಗುಲಾಮರು. ಪಾರ್ಥೀನಾ ದಾಳಿಯಲ್ಲಿ ಸತ್ತಳು, ಫ್ರಾಂಕ್‌ನನ್ನ ಮೊದಲ ರಾತ್ರಿಯ ಬೀಡಿನಲ್ಲಿ ಕೊಂದರು. ಅಂದರೆ, ಸೆರೆ ಹಿಡಿಯೋರು ಬಾಗಿಲು ಒಡೆಯೋ ಮೊದಲೇ ಆ ಮನೆಯೊಳಗೆ ಇಬ್ಬರು ಸೆರೆಯಾಳುಗಳಿದ್ದರು.

3. ನಡಿಗೆ

ಅಲ್ಲಿಂದ ಕೆನಡಾಕ್ಕೆ ಸುಮಾರು 300 ಮೈಲಿ, ಅಂದರೆ 480 ಕಿಲೋಮೀಟರ್. ಬೆಂಗಳೂರಿಂದ ಬೆಳಗಾವಿ ಹತ್ತಿರ ಹತ್ತಿರ ಅಷ್ಟೇ ದೂರ, ಆದರೆ ಮೊಣಕಾಲುದ್ದ ಹಿಮ, ಹೆಪ್ಪುಗಟ್ಟಿದ ನದಿ, ಹಿಂದೆ ಅಟ್ಟಿಸಿಕೊಂಡು ಬರುವವರ ಭಯ.

ಎರಡನೇ ದಿನ ಪಾದ್ರಿಯ ಹೆಂಡತಿ ಯೂನಿಸ್ ಮೇಥರ್ ವಿಲಿಯಮ್ಸ್ ಗ್ರೀನ್ ನದಿ ದಾಟುವಾಗ ಬಿದ್ದರು. ಹೆರಿಗೆಯಾಗಿ ಆರು ವಾರ ಅಷ್ಟೇ ಆಗಿತ್ತು. ಇನ್ನು ನಡೆಯಲಾರರು ಅಂತ ಗೊತ್ತಾದಾಗ ಅವರನ್ನ ಅಲ್ಲೇ ಕೊಂದರು. ದಾರಿಯಲ್ಲಿ ಹೀಗೆ ಸುಮಾರು ಇಪ್ಪತ್ತು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹಸುಗೂಸುಗಳು, ಬಾಣಂತಿಯರು, ಗರ್ಭಿಣಿಯರು. ಅವರಿಂದ ಇಡೀ ಗುಂಪಿನ ವೇಗ ಕಡಿಮೆಯಾಗುತ್ತೆ ಅನ್ನೋದು ಲೆಕ್ಕಾಚಾರ. ಕ್ರೂರ ಲೆಕ್ಕಾಚಾರ, ಆದರೆ ಲೆಕ್ಕಾಚಾರವೇ.

ಅದೇ ಜನ ಇನ್ನೊಂದು ಕೆಲಸವನ್ನೂ ಮಾಡಿದರು. ಚಿಕ್ಕ ಮಕ್ಕಳನ್ನ ಹೆಗಲ ಮೇಲೆ ಹೊತ್ತುಕೊಂಡರು. ಹಿಮದಲ್ಲಿ ನಡೆಯೋಕೆ ಚರ್ಮದ ಮೃದು ಪಾದರಕ್ಷೆ ಕೊಟ್ಟರು. ಪಾದ್ರಿಯ ಏಳು ವರ್ಷದ ಮಗಳನ್ನ, ಅವಳ ಹೆಸರೂ ತಾಯಿಯದ್ದೇ, ಯೂನಿಸ್, ಒಬ್ಬ ಮೋಹಾಕ್ ಯೋಧ ಬಹುಪಾಲು ದಾರಿ ಹೊತ್ತುಕೊಂಡೇ ಹೋದ. ತಾಯಿಯನ್ನ ಕೊಂದ ಗುಂಪು, ಮಗಳನ್ನ ಹೊತ್ತ ಗುಂಪು ಒಂದೇ. ಇದನ್ನ ಓದಿದಾಗ ಒಂದು ನಿಮಿಷ ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದೆ. ಯಾಕೆ ಹೀಗೆ? ಉತ್ತರ ಮುಂದಿನ ಭಾಗದಲ್ಲಿದೆ.

4. ಸೆರೆಯಾಳು ಯಾತಕ್ಕೆ ಬೇಕು?

ಸೆರೆ ಸಿಕ್ಕವರ ಗತಿಯನ್ನ ನಮ್ಮ ಸ್ಟೇಟ್ ಡಯಾಗ್ರಾಂ ಥರ ಬರೆದರೆ, ಬಾಣಗಳನ್ನ ನಿರ್ಧರಿಸೋದು ಸೆರೆಯಾಳಿನ ಗುಣ ಅಲ್ಲ, ಹಿಡಿದವರ ಅಗತ್ಯ. ಮುಖ್ಯವಾಗಿ ನಾಲ್ಕು ದಾರಿ ಇತ್ತು.

ಅ) ಹಣಕ್ಕೆ ಬಿಡುಗಡೆ. 1676ರಲ್ಲಿ ಲ್ಯಾಂಕಾಸ್ಟರ್ ಊರಿನ ಮೇಲೆ ದಾಳಿಯಾದಾಗ ಸೆರೆಯಾದ ಮೇರಿ ರೋಲ್ಯಾಂಡ್‌ಸನ್ ಹನ್ನೊಂದು ವಾರ ಅವರ ಜೊತೆ ಅಲೆದರು. ಆರು ವರ್ಷದ ಮಗಳು ಕೈಯಲ್ಲೇ ಸತ್ತಳು. ಕೊನೆಗೆ 20 ಪೌಂಡ್ ಕೊಟ್ಟು ಬಿಡಿಸಿಕೊಂಡರು. 1682ರಲ್ಲಿ ಅವರು ಬರೆದ ಪುಸ್ತಕ ಬಹಳ ಜನಪ್ರಿಯವಾಯ್ತು. 'ಸೆರೆಯ ಕಥನ' ಅನ್ನೋ ಸಾಹಿತ್ಯ ಪ್ರಕಾರವೇ ಅಲ್ಲಿಂದ ಬೆಳೀತು ಅಂತ ಹೇಳಬಹುದು.

ಆ) ಕೈದಿಗೆ ಕೈದಿ. ಫ್ರೆಂಚ್ ಸರ್ಕಾರಕ್ಕೆ ಸೆರೆಯಾಳು ಅಂದರೆ ಚೌಕಾಸಿಯ ವಸ್ತು. ಪಾದ್ರಿ ವಿಲಿಯಮ್ಸ್ ದೊಡ್ಡ ಮನುಷ್ಯ, ಹಾಗಾಗಿ ಅವರ ಬೆಲೆ ಜಾಸ್ತಿ. ಇಂಗ್ಲಿಷರ ಕೈಯಲ್ಲಿದ್ದ ಒಬ್ಬ ಫ್ರೆಂಚ್ ಕಡಲ ದಾಳಿಕಾರನ ಬಿಡುಗಡೆಯ ಮಾತುಕತೆಗೆ ಅವರ ಬಿಡುಗಡೆಯೂ ತಳುಕು ಹಾಕಿಕೊಂಡಿತ್ತು. 1706ರ ಕೊನೆಯಲ್ಲಿ ಅವರು ಬಾಸ್ಟನ್ ತಲುಪಿದರು. ಹೆಂಡತಿಯನ್ನ ಕಳೆದುಕೊಂಡ ಆ ಜಾನ್ ಶೆಲ್ಡನ್, ತೂತು ಬಿದ್ದ ಬಾಗಿಲಿನವರು, ಊರಿನವರನ್ನ ಬಿಡಿಸಿಕೊಂಡು ಬರೋಕೆ ಮೂರು ಸಲ ಕೆನಡಾಕ್ಕೆ ಹೋಗಿ ಬಂದರು.

ಇ) ತಪ್ಪಿಸಿಕೊಳ್ಳೋದು. ಇದು ಕಡಿಮೆ, ಆದರೆ ಇದರದ್ದೇ ಹೆಚ್ಚು ಪ್ರಚಾರ. 1697ರಲ್ಲಿ ಸೆರೆಯಾದ ಹಾನಾ ಡಸ್ಟಿನ್ ಒಂದು ರಾತ್ರಿ, ಜೊತೆಗಿದ್ದವರ ಸಹಾಯದಿಂದ, ಮಲಗಿದ್ದ ಹತ್ತು ಜನರನ್ನ ಕೊಂದು ಓಡಿ ಬಂದರು. ಅವರ ಸ್ವಂತ ಹಸುಗೂಸನ್ನ ದಾಳಿಯಲ್ಲಿ ಕೊಂದಿದ್ದರು, ನಿಜ. ಆದರೆ ಅವರು ಕೊಂದ ಹತ್ತರಲ್ಲಿ ಆರು ಮಕ್ಕಳು. ಸತ್ತವರ ನೆತ್ತಿಯ ಚರ್ಮ ತಂದು ತೋರಿಸಿದ್ದಕ್ಕೆ ಸರ್ಕಾರ ಅವರಿಗೆ 25 ಪೌಂಡ್ ಬಹುಮಾನ ಕೊಟ್ಟಿತು. 1874ರಲ್ಲಿ ಅವರ ಪ್ರತಿಮೆಯೂ ನಿಂತಿತು.

ಈ) ದತ್ತು. ನನಗೆ ಅತಿ ಹೊಸದು ಅನ್ನಿಸಿದ್ದು ಇದು. ಮೋಹಾಕ್ ಮತ್ತು ಇತರ ಇರೊಕ್ವಾ ಜನರಲ್ಲಿ ಒಂದು ಪದ್ಧತಿ ಇತ್ತು, ಇತಿಹಾಸಕಾರರು ಅದನ್ನ 'ಶೋಕದ ಯುದ್ಧ' ಅಂತ ಕರೀತಾರೆ. ಯುರೋಪಿಯನ್ನರು ತಂದ ಸಿಡುಬು, ಮೇಲಿಂದ ಮೇಲೆ ಯುದ್ಧ – ಇವುಗಳಿಂದ ಹಳ್ಳಿಗಳೇ ಬರಿದಾಗುತ್ತಿದ್ದವು. ಮನೆಯಲ್ಲಿ ಒಬ್ಬರು ಸತ್ತರೆ ಆ ಮನೆಯ ಹೆಂಗಸರು ಆ ಜಾಗ ತುಂಬಿಸೋಕೆ ಒಬ್ಬರನ್ನ ತನ್ನಿ ಅಂತ ಕೇಳಬಹುದಿತ್ತು. ತಂದವರಿಗೆ ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿ, ಹೊಸ ಹೆಸರು ಕೊಟ್ಟು, ಸತ್ತವರ ಸ್ಥಾನದಲ್ಲಿ ಕೂರಿಸುತ್ತಿದ್ದರು. ಅಲ್ಲಿಂದ ಮುಂದೆ ಅವರು ಆಳೂ ಅಲ್ಲ, ಅತಿಥಿಯೂ ಅಲ್ಲ. ಮನೆಮಗಳು, ಮನೆಮಗ. ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ, ಕೆಲವು ಗಂಡಸು ಕೈದಿಗಳನ್ನ ಹಿಂಸಿಸಿ ಕೊಂದದ್ದೂ ಇದೆ. ಆದರೆ ಮಕ್ಕಳು ಬೇಕಾಗಿದ್ದರು. ಅದಕ್ಕೇ ಹೊತ್ತುಕೊಂಡು ಹೋದದ್ದು.

1675ರಿಂದ 1763ರವರೆಗೆ ನ್ಯೂ ಇಂಗ್ಲೆಂಡ್ ಪ್ರದೇಶ ಒಂದರಿಂದಲೇ 1,600ಕ್ಕೂ ಹೆಚ್ಚು ಜನ ಸೆರೆಯಾದ ಲೆಕ್ಕವನ್ನ ಇತಿಹಾಸಕಾರರು ಹೆಸರು ಸಮೇತ ಹಾಕಿದ್ದಾರೆ. ದೊಡ್ಡ ಗಂಡಸರು ಸಾಮಾನ್ಯವಾಗಿ ವಾಪಸ್ ಬಂದರು. ಅಲ್ಲೇ ಉಳಿದವರಲ್ಲಿ ಎದ್ದು ಕಾಣೋರು ಏಳರಿಂದ ಹದಿನೈದು ವರ್ಷದೊಳಗಿನ ಹುಡುಗಿಯರು. 1703ರಲ್ಲಿ ವೆಲ್ಸ್ ಊರಿನಿಂದ ಏಳು ವರ್ಷಕ್ಕೆ ಸೆರೆಯಾದ ಎಸ್ತರ್ ವೀಲ್‌ರೈಟ್ ಮೊದಲು ಅಬೆನಾಕಿಗಳ ಜೊತೆ ಇದ್ದು, ಆಮೇಲೆ ಕ್ವಿಬೆಕ್‌ನಲ್ಲಿ ಸನ್ಯಾಸಿನಿಯಾಗಿ, ಕೊನೆಗೆ ತನ್ನ ಮಠದ ಮುಖ್ಯಸ್ಥೆಯೇ ಆದರು. ಡೀರ್‌ಫೀಲ್ಡ್‌ನಿಂದ ಹೋದ ಅಬಿಗೇಲ್ ನಿಮ್ಸ್ ಮತ್ತು ಜೋಸೈಯಾ ರೈಸಿಂಗ್ ಅನ್ನೋ ಇಬ್ಬರು ಮಕ್ಕಳು ಅಲ್ಲೇ ಬೆಳೆದು, 1715ರಲ್ಲಿ ಒಬ್ಬರನ್ನೊಬ್ಬರು ಮದುವೆಯಾಗಿ ಅಲ್ಲೇ ಉಳಿದರು.

5. ಯೂನಿಸ್

ಈಗ ಆ ಏಳು ವರ್ಷದ ಹುಡುಗಿ.

ಪಾದ್ರಿಯ ಜೊತೆ ಸೆರೆಯಾದ ಐದು ಮಕ್ಕಳಲ್ಲಿ ನಾಲ್ವರು ಕೆಲವೇ ವರ್ಷಗಳಲ್ಲಿ ವಾಪಸ್ ಬಂದರು. ಯೂನಿಸ್ ಬರಲಿಲ್ಲ. ಅವಳು ಕಾನಾವಾಕೆಯಲ್ಲಿ ಒಂದು ಮೋಹಾಕ್ ಮನೆಯ ಮಗಳಾಗಿದ್ದಳು. ಅಪ್ಪ ಇನ್ನೂ ಕೆನಡಾದಲ್ಲಿ ಕೈದಿಯಾಗಿದ್ದಾಗ ಒಮ್ಮೆ ಅವಳನ್ನ ನೋಡೋಕೆ ಅವಕಾಶ ಸಿಕ್ಕಿತು. ಪ್ರಾರ್ಥನೆ, ಧರ್ಮಪಾಠ ಮರೀಬೇಡ ಅಂತ ಅಪ್ಪ ಹೇಳಿದರು. ಅವಳಿಗೆ ಆಗ ಎಲ್ಲ ನೆನಪಿತ್ತು. ಇಲ್ಲಿ ಅರ್ಥವಾಗದ ಲ್ಯಾಟಿನ್‌ನಲ್ಲಿ ಪ್ರಾರ್ಥನೆ ಹೇಳಿಸ್ತಾರೆ ಅಂತ ಅಪ್ಪನ ಹತ್ತಿರ ದೂರಿದಳು.

ಅಪ್ಪ ಬಿಡುಗಡೆಯಾಗಿ ಹೋದ ಮೇಲೆ 1707ರಲ್ಲಿ ಪುಸ್ತಕ ಬರೆದರು. ಅದರ ಹೆಸರಿನಲ್ಲೇ 'ಬಿಡುಗಡೆಗೊಂಡ ಸೆರೆಯಾಳು' ಅಂತ ಇದೆ. ಆದರೆ ಮಗಳು ಬಿಡುಗಡೆಯಾಗಿರಲಿಲ್ಲ. ಗವರ್ನರ್‌ಗಳ ಮಟ್ಟದಲ್ಲಿ ಪತ್ರ ಹೋದವು, ಹಣದ ಆಮಿಷ ಹೋಯ್ತು. ಫ್ರೆಂಚರು ಹೇಳಿದ್ದು, ಅವಳನ್ನ ಬಿಡೋದಕ್ಕಿಂತ ಅವರು ತಮ್ಮ ಹೃದಯವನ್ನೇ ಕೊಟ್ಟಾರು ಅನ್ನೋ ಅರ್ಥದ ಮಾತು. ಕೆಲವೇ ವರ್ಷಗಳಲ್ಲಿ ಇನ್ನೊಂದು ಸುದ್ದಿ ಬಂತು: ಯೂನಿಸ್ ಇಂಗ್ಲಿಷ್ ಮರೆತಿದ್ದಾಳೆ.

ಅವಳಿಗೆ ಅಲ್ಲಿ ಸಿಕ್ಕ ಒಂದು ಹೆಸರಿನ ಅರ್ಥವನ್ನ 'ನೆಟ್ಟು ಬೆಳೆಸಿದವಳು' ಅನ್ನೋ ಹಾಗೆ ಹೇಳ್ತಾರೆ. ನಮ್ಮಜ್ಜಿ ಊರು ಪಾಂಡವಪುರದ ಹತ್ತಿರ. ನಾಟಿ ಸಮಯದಲ್ಲಿ ಒಟ್ಟಲಿಂದ ಪೈರು ಕಿತ್ತು ಗದ್ದೆಗೆ ನೆಡೋದನ್ನ ನೋಡಿದ್ದೇನೆ. ಕಿತ್ತಾಗ ಬೇರು ಹರಿಯುತ್ತೆ. ಎರಡು ದಿನ ಪೈರು ಬಾಡಿ ಹಳದಿಯಾಗಿ ನಿಲ್ಲುತ್ತೆ. ಆಮೇಲೆ ಒಂದು ಬೆಳಗ್ಗೆ ನೋಡಿದರೆ ಹಸಿರು. ಯೂನಿಸ್ ಹೆಸರನ್ನ ಓದಿದಾಗ ನೆನಪಾದದ್ದು ಅದೇ. ಮುಂದೆ ಅವಳ ಹೆಸರು ಕನೆನ್‌ಸ್ಟೆನ್‌ಹಾವಿ ಅಂತಾಯ್ತು, ಅಂದರೆ ಜೋಳ ಮನೆಗೆ ತರುವವಳು. ಚರ್ಚ್‌ನಲ್ಲಿ ಮಾರ್ಗರೀಟ್.

1713ರಲ್ಲಿ, ಹದಿನಾರು ವರ್ಷಕ್ಕೆ, ಅರೋಸೆನ್ ಅನ್ನೋ ಮೋಹಾಕ್ ಯುವಕನನ್ನ ಮದುವೆಯಾದಳು. ಅದೇ ವರ್ಷ ಆಲ್ಬನಿಯ ಜಾನ್ ಸ್ಕೈಲರ್ ಅನ್ನೋ ವ್ಯಾಪಾರಿ-ಅಧಿಕಾರಿ ಅವಳನ್ನ ಒಪ್ಪಿಸೋಕೆ ಕಾನಾವಾಕೆಗೆ ಹೋದರು. ಊರಿಗೆ ಬಾ, ಬೇಡ ಅನ್ನಿಸಿದರೆ ವಾಪಸ್ ಹೋಗಬಹುದು, ಅಪ್ಪನನ್ನ ಒಮ್ಮೆ ನೋಡು – ಎಲ್ಲ ಹೇಳಿದರು. ಅವಳು ಸುಮ್ಮನೆ ಕೂತಿದ್ದಳು. ಬಹಳ ಹೊತ್ತು ಒತ್ತಾಯ ಮಾಡಿದ ಮೇಲೆ ಅವಳ ಬಾಯಿಂದ ಬಂದದ್ದು ಎರಡೇ ಎರಡು ಮೋಹಾಕ್ ಪದ. ಅಕ್ಷರಶಃ ಅರ್ಥ 'ಬಹುಶಃ ಇಲ್ಲ'. ಆದರೆ ಆ ಭಾಷೆಯಲ್ಲಿ ಅದು ಖಡಾಖಂಡಿತ 'ಇಲ್ಲ' ಅಂತ ಸ್ಕೈಲರ್‌ಗೆ ಅರ್ಥವಾಯ್ತು. ನಮ್ಮ ಕಡೆ 'ನೋಡಣ' ಅಂತಾರಲ್ಲ, ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಆಗಬಾರದು ಅಂತ, ಹಾಗೆ.

1714ರಲ್ಲಿ ಅಪ್ಪನೇ ಹೋದರು. ಪ್ರಯೋಜನ ಆಗಲಿಲ್ಲ. 1729ರಲ್ಲಿ ಅವರು ತೀರಿಕೊಂಡರು, ಮಗಳು ಮನೆಗೆ ಬಂದದ್ದನ್ನ ನೋಡಲೇ ಇಲ್ಲ.

ಬಂದದ್ದು 1740ರಲ್ಲಿ, 36 ವರ್ಷಗಳ ಮೇಲೆ. ಅವಳ ಅಣ್ಣ ಸ್ಟೀಫನ್, ಹತ್ತು ವರ್ಷಕ್ಕೆ ಸೆರೆಯಾಗಿ ಬೇಗ ಬಿಡುಗಡೆಯಾದವನು, ಅಷ್ಟು ಹೊತ್ತಿಗೆ ಲಾಂಗ್‌ಮೆಡೋ ಊರಿನ ಪಾದ್ರಿ. ಆಲ್ಬನಿಯಲ್ಲಿ ಭೇಟಿಯಾಗಿ ತಂಗಿಯನ್ನ, ಭಾವನನ್ನ ಮನೆಗೆ ಕರೆದುಕೊಂಡು ಬಂದ. ಅಣ್ಣ-ತಂಗಿ ಮಾತಾಡೋಕೆ ದುಭಾಷಿ ಬೇಕಾಯ್ತು. ಇಲ್ಲೇ ಇದ್ದುಬಿಡಿ, ಜಮೀನು ಕೊಡುತ್ತೇವೆ ಅಂತ ಸರ್ಕಾರವೂ ಹೇಳಿತು. ಅವರು ಇರಲಿಲ್ಲ. ಕೆಲವು ದಿನ ಇದ್ದು ಹೋದರು, ಮತ್ತೆ ಬಂದರು, ಮತ್ತೆ ಹೋದರು. ಕೊನೆಯ ಸಲ ಬಂದದ್ದು 1761ರಲ್ಲಿ. 1785ರಲ್ಲಿ, 89ನೇ ವಯಸ್ಸಿನಲ್ಲಿ, ಕಾನಾವಾಕೆಯಲ್ಲೇ ತೀರಿಕೊಂಡಳು.

ಹೆಣ್ಣುಮಗಳು ತವರಿಗೆ ಬಂದು ನಾಲ್ಕು ದಿನ ಇದ್ದು ಹೋಗೋ ಹಾಗೆ ಅವಳು ಬಂದು ಹೋದಳು. ಅಣ್ಣ ಮಾತ್ರ ಕೊನೆಯವರೆಗೂ ಅವಳನ್ನ ಸೆರೆಯಿಂದ ಬಿಡಿಸಬೇಕು ಅಂತಲೇ ಪ್ರಾರ್ಥನೆ ಮಾಡ್ತಿದ್ದ. ಈ ಎರಡರ ನಡುವೆ ಇರೋದೇ ಈ ಇಡೀ ಕಥೆ.

ಯೂನಿಸ್ ಒಬ್ಬಳೇ ಅಲ್ಲ. 1764ರಲ್ಲಿ ಕರ್ನಲ್ ಹೆನ್ರಿ ಬೊಕೆ ಓಹಾಯೋ ಪ್ರದೇಶದ ಮೂಲನಿವಾಸಿಗಳಿಂದ 200ಕ್ಕೂ ಹೆಚ್ಚು ಸೆರೆಯಾಳುಗಳನ್ನ ಒಟ್ಟಿಗೆ ವಾಪಸ್ ಪಡೆದ. ಕೆಲವರು ಅತ್ತುಕೊಂಡು ಅಪ್ಪ-ಅಮ್ಮನನ್ನ ತಬ್ಬಿಕೊಂಡರು. ಕೆಲವರನ್ನ ಕಟ್ಟಿಹಾಕಿ ತರಬೇಕಾಯ್ತು. ಆಮೇಲೂ ಕೆಲವರು ತಪ್ಪಿಸಿಕೊಂಡು ಓಡಿಹೋದರು – ಕಾಡಿನ ಕಡೆಗೆ.

6. ಪುಸ್ತಕ ಬರೆಯದ ಸೆರೆಯಾಳುಗಳು

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಪಾಠ ಮಾತ್ರ. ಇಂಗ್ಲಿಷರ ಕೈಗೆ ಸಿಕ್ಕ ಮೂಲನಿವಾಸಿಗಳಿಗೆ ಏನಾಯ್ತು?

1676ರಲ್ಲಿ ಮೆಟಾಕಮ್ ಸತ್ತು ಯುದ್ಧ ಮುಗಿದಾಗ ನೂರಾರು ಮೂಲನಿವಾಸಿಗಳನ್ನ ಹಡಗು ಹತ್ತಿಸಿ ವೆಸ್ಟ್ ಇಂಡೀಸ್ ಮುಂತಾದ ಕಡೆ ಗುಲಾಮರಾಗಿ ಮಾರಿದರು. ಮೆಟಾಕಮ್‌ನ ಹೆಂಡತಿ ಮತ್ತು ಒಂಬತ್ತು ವರ್ಷದ ಮಗನೂ ಸೆರೆಯಾಗಿದ್ದರು. ಆ ಹುಡುಗನನ್ನ ಕೊಲ್ಲಬೇಕಾ ಬೇಡವಾ ಅಂತ ಪಾದ್ರಿಗಳ ಅಭಿಪ್ರಾಯ ಕೇಳಿದರು. ಅಪ್ಪನ ತಪ್ಪಿಗೆ ಮಗನನ್ನ ಕೊಲ್ಲಬಹುದಾ ಅಂತ ಬೈಬಲ್ ತೆಗೆದು ಚರ್ಚೆ ಆಯ್ತು. ಕೊನೆಗೆ ಕೊಲ್ಲಲಿಲ್ಲ, ಗುಲಾಮನಾಗಿ ದೇಶದಾಚೆ ಮಾರಿದರು. ಅಭಿಪ್ರಾಯ ಕೊಟ್ಟವರಲ್ಲಿ ಒಬ್ಬರು ಇನ್‌ಕ್ರೀಸ್ ಮೇಥರ್. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಗ್ರೀನ್ ನದಿಯ ದಡದಲ್ಲಿ ಸತ್ತ ಯೂನಿಸ್ ಮೇಥರ್ ವಿಲಿಯಮ್ಸ್ ಅವರ ಚಿಕ್ಕಪ್ಪ.

ಒಂದೇ ಮನೆತನದ ಸುತ್ತ ಇಬ್ಬರು ಮಕ್ಕಳ ಕಥೆ. ಏಳು ವರ್ಷದ ಯೂನಿಸ್ ಬಗ್ಗೆ ಪತ್ರಗಳು, ಡೈರಿಗಳು, ಪ್ರಾರ್ಥನೆಗಳು, ಪುಸ್ತಕಗಳು. 1994ರಲ್ಲಿ ಇತಿಹಾಸಕಾರ ಜಾನ್ ಡೆಮೋಸ್ ಅವಳ ಬಗ್ಗೆಯೇ 'ದಿ ಅನ್‌ರಿಡೀಮ್ಡ್ ಕ್ಯಾಪ್ಟಿವ್' ಅನ್ನೋ ಪುಸ್ತಕ ಬರೆದರು. ಒಂಬತ್ತು ವರ್ಷದ ಆ ಹುಡುಗನ ಹೆಸರೇ ದಾಖಲೆಯಲ್ಲಿಲ್ಲ. ಅವನನ್ನ ಬಿಡಿಸೋಕೆ ಯಾರೂ ಗವರ್ನರ್‌ಗೆ ಪತ್ರ ಬರೆಯಲಿಲ್ಲ. ಅವನನ್ನ ಕೊಂಡವರು ಮನೆಮಗನ ಜಾಗದಲ್ಲಿ ಕೂರಿಸಲೂ ಇಲ್ಲ.

7. ನಮಗೆ ಹತ್ತಿರದ ಒಂದು ಕೊಂಡಿ

ಶ್ರೀರಂಗಪಟ್ಟಣಕ್ಕೆ ಟ್ರಿಪ್ ಹೋದವರು ಕರ್ನಲ್ ಬೇಲಿಯ ಬಂದೀಖಾನೆ ನೋಡಿರ್ತೀರಿ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಪಡೆಗೆ ಸೋತು ಸೆರೆಯಾದ ಅಧಿಕಾರಿ ಅವರು, 1782ರಲ್ಲಿ ಅಲ್ಲೇ ಸತ್ತರು. ಉಳಿದ ಕೈದಿಗಳಲ್ಲಿ ಹೆಚ್ಚಿನವರು 1784ರ ಮಂಗಳೂರು ಒಪ್ಪಂದದ ಮೇಲೆ ಬಿಡುಗಡೆಯಾದರು. ಇವರು ವಲಸಿಗರಲ್ಲ, ಸೈನಿಕರು. ಆದರೆ ಊರಿಗೆ ಹೋದ ಮೇಲೆ ಕೆಲವರು ಬರೆದದ್ದು ಅದೇ 'ಸೆರೆಯ ಕಥನ'. ಲಿಂಡಾ ಕಾಲಿ ಅನ್ನೋ ಇತಿಹಾಸಕಾರ್ತಿ 2002ರ 'ಕ್ಯಾಪ್ಟಿವ್ಸ್' ಪುಸ್ತಕದಲ್ಲಿ ಅಮೆರಿಕದ ಸೆರೆಯಾಳುಗಳನ್ನೂ ಮೈಸೂರಿನ ಸೆರೆಯಾಳುಗಳನ್ನೂ ಒಟ್ಟಿಗೇ ಇಟ್ಟು ನೋಡಿದ್ದಾರೆ. 1792ರಲ್ಲಿ ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳನ್ನ ಇಂಗ್ಲಿಷರು ಒತ್ತೆಯಾಗಿ ಇಟ್ಟುಕೊಂಡಾಗ ಮಾತ್ರ ಅದನ್ನ ಸೆರೆ ಅಂತ ಅವರು ಬರೆಯಲಿಲ್ಲ. ಕಾರ್ನ್‌ವಾಲಿಸ್ ಮಕ್ಕಳನ್ನ ಪ್ರೀತಿಯಿಂದ ಬರಮಾಡಿಕೊಳ್ಳೋ ಚಿತ್ರಗಳನ್ನ ಬರೆಸಿದರು.

8. ಪಾಠದ ಸಾರ

• ಗಡಿಯ ದಾಳಿಗಳು ಇದ್ದಕ್ಕಿದ್ದ ಹಾಗೆ ಆದದ್ದಲ್ಲ. ಪ್ರತಿ ದಾಳಿಗೂ ಹಿಂದಿನದೊಂದು ದಾಳಿ, ಕಳೆದುಕೊಂಡ ನೆಲ ಇತ್ತು. ಅದು ಕೊಲೆಯನ್ನ ಸರಿ ಮಾಡಲ್ಲ, ಆದರೆ ಅರ್ಥ ಮಾಡಿಸುತ್ತೆ.

• ಸೆರೆಯಾಳಿನ ಗತಿ ನಿಂತಿದ್ದು ಹಿಡಿದವರಿಗೆ ಏನು ಬೇಕಿತ್ತು ಅನ್ನೋದರ ಮೇಲೆ: ಹಣವಾ, ಬದಲಿ ಕೈದಿಯಾ, ದುಡಿಮೆಯಾ, ಮಗಳಾ.

• 'ಬಿಡುಗಡೆ' ಅನ್ನೋ ಪದ ಯಾರ ಬಾಯಲ್ಲಿದೆ ಅಂತ ನೋಡಬೇಕು. ಅಪ್ಪನಿಗೆ ಅದು ಡೀರ್‌ಫೀಲ್ಡ್. ಮಗಳಿಗೆ ಅಲ್ಲ.

ಯೋಚಿಸೋಕೆ ಎರಡು ಪ್ರಶ್ನೆ. ಒಂದು: ಏಳು ವರ್ಷದವಳನ್ನ ಬಲವಂತವಾಗಿ ತಂದು, ಹದಿನಾರು ವರ್ಷಕ್ಕೆ ಅವಳು 'ಇಲ್ಲೇ ಇರ್ತೀನಿ' ಅಂದರೆ, ಅದು ಅವಳ ಸ್ವಂತ ಆಯ್ಕೆನಾ? ಎರಡು: ಅಲ್ಲ ಅಂತಾದರೆ, ಅವಳನ್ನ ಎರಡನೇ ಸಲ ಬಲವಂತವಾಗಿ ಕಿತ್ತು ತಂದಿದ್ದರೆ ಸರಿಹೋಗ್ತಿತ್ತಾ? ನಮ್ಮ ಕ್ಲಾಸಿನಲ್ಲಿ ಇದರ ಮೇಲೆ ಅರ್ಧ ಗಂಟೆ ಜಗಳ ಆಯ್ತು. ನನ್ನ ಉತ್ತರ ಎರಡಕ್ಕೂ 'ಇಲ್ಲ'. ಅದಕ್ಕೇ ಇದು ದುಃಖದ ಕಥೆ.

ಕೊನೆಗೆ, ಈ ಹುಡುಗಿ ನನ್ನ ತಲೆಯಲ್ಲಿ ಯಾಕೆ ಉಳಿದಳು ಅಂತ ಹೇಳಿಬಿಡ್ತೀನಿ. ಅಜ್ಜಿ ಫೋನ್ ಮಾಡಿದಾಗ ಅವರು ಹೇಳೋದೆಲ್ಲ ನನಗೆ ಅರ್ಥವಾಗುತ್ತೆ, ಆದರೆ ಉತ್ತರ ಕೊಡೋಕೆ ಹೋದರೆ ನಾಲಿಗೆಗೆ ಇಂಗ್ಲಿಷೇ ಮೊದಲು ಬರುತ್ತೆ. ನನ್ನನ್ನ ಯಾರೂ ಹಿಮದಲ್ಲಿ ಹೊತ್ತುಕೊಂಡು ಹೋಗಲಿಲ್ಲ. ದಿನಾ ಬೆಳಗ್ಗೆ ಸ್ಕೂಲ್ ವ್ಯಾನ್ ಬರ್ತಿತ್ತು, ನಾನೇ ಹತ್ತಿ ಕೂರ್ತಿದ್ದೆ. ಅವಳ ಕಷ್ಟಕ್ಕೆ ನನ್ನದನ್ನ ಹೋಲಿಸೋದು ತಪ್ಪು, ಗೊತ್ತು. ಆದರೂ ಒಂದು ಭಾಷೆ ಬಾಯಿಂದ ಹೋಗೋಕೆ ಎಷ್ಟು ಕಡಿಮೆ ವರ್ಷ ಸಾಕು ಅನ್ನೋದು ಹೆದರಿಸ್ತು.

ಈ ಲೇಖನ ಮುಗಿಸಿ ಹೋದ ಭಾನುವಾರ ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದೆ. ಮಧ್ಯ ಮಧ್ಯ ತಡವರಿಸಿದೆ, ಅವರು ಪದ ಎತ್ತಿಕೊಟ್ಟರು. 'ಒಟ್ಟಲು' ಅನ್ನೋ ಪದ ಅವರು ಕೊಟ್ಟದ್ದೇ, ನಾನು 'ನರ್ಸರಿ' ಅಂತ ಬರೆದಿದ್ದೆ. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಆ ಮಗ ಅಣ್ಣನ ಮನೆಗೆ ಬಂದಾಗ, ಅವ್ನು ಆಡಿದ್ ಮಾತು ಅವ್ಳಿಗೆ ತಿಳೀತೇನ್ಲಾ?"

"ಇಲ್ಲ ಅಜ್ಜಿ, ಮಧ್ಯದಲ್ಲಿ ಒಬ್ರು ಹೇಳ್ಬೇಕಿತ್ತು."

"ಆದ್ರೂ ಬಂದ್ಲಲ್ಲ ಮೂರ್ನಾಕ್ ಸಲ," ಅಂದರು ಅಜ್ಜಿ. "ನೀನೂ ರಜಕ್ಕೆ ಬಾ."